ಬಿಳಿ ಬೋಗುಣಿಯ ಎರಡು ಕಪ್ಪೆಗಳು

ಕಾರ್ತಿಕ ಶುದ್ಧ ದಶಮಿ, ಬೆಳಗಿನ ಎಂಟು ಗಂಟೆ, ತಲ್ಲೂರಿನ ನಮ್ಮ ಬಚ್ಚಲಿನ ಜಗಲಿ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಮರವಂತೆಯಿಂದ ಮೀನು ಹೊತ್ತು ತರುವ ಸೀತು, ಎರಡು ಕಪ್ಪೆ.

ಹೊತ್ತಿಗೆ ಸರಿಯಾಗಿ ಬದುಕುವವನಷ್ಟು ಚಡಪಡಿಸುವ ಪ್ರಾಣಿ ಇನ್ನೊಂದಿಲ್ಲ. ನಾನು ಪಿಂಚಣಿ ಪಡೆದ ವಿಜ್ಞಾನದ ಮಾಸ್ತರ. ಮೀನಿನ ಮಿದುಳಿನ ಅಡಿಯಲ್ಲಿ ರವೆಕಾಳಿನಷ್ಟು ಗ್ರಂಥಿಯಿದೆ, ಅದರ ಹಾರ್ಮೋನು ಕಪ್ಪೆಯ ಚರ್ಮವನ್ನು ಕಪ್ಪಾಗಿಸುತ್ತದೆ, ಅದು ಪ್ರೋಟೀನಿನದೇ ಸಣ್ಣ ತುಂಡಿರಬಹುದು ಎಂದು ಎಲ್ಲೋ ಓದಿದ್ದೆ. ನಮ್ಮ ಬಂಗಡೆಯಲ್ಲೂ ಅದು ಇದೆಯೇ? ಯುದ್ಧಕಾಲದ ಅಭಾವದಲ್ಲಿ ಸ್ಪಿರಿಟ್ಟಿಗಾಗಿ ಔಷಧಿ ಅಂಗಡಿಯವನಿಗೆ ಕೈಮುಗಿದು, ಸೀತು ತಂದುಕೊಟ್ಟ ಬಂಗಡೆ ತಲೆಗಳಿಂದ ಆ ಕಾಳುಗಳನ್ನು ಬಿಡಿಸಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಒಣಗಿಸಿ, ಅರೆದು, ಹುಳಿ ಹಿಂಡಿದ ಉಪ್ಪುನೀರಿನಲ್ಲಿ ಕುದಿಸಿ ಸೋಸಿದ್ದೆ.

"ಹ್ವಾಯ್ ಮಾಷ್ಟ್ರೇ, ಇಷ್ಟೆಲ್ಲ ಮಾಡ್ದೋರ್ ಒಂಚೂರ್ ಕಾರ ಅರ್ದ್ ಹಾಕಿ ಉಂಬುಕಾಗ್ದಾ?" ಎಂದಳು ಸೀತು.

ಮೀನು ಮುಟ್ಟದ ನಮ್ಮ ಮನೆಯಲ್ಲಿ ಇದು ನಗುವ ಮಾತಲ್ಲ. ಹೆಂಡತಿ ದೂರದಿಂದಲೇ ತೀರ್ಪು ಕೊಟ್ಟಳು: "ಕಾಣಿ, ಮಧ್ಯಾಹ್ನದ ಊಟದೊಳ್ಗ್ ಕಪ್ಪಿ ಕಪ್ಪಾಯ್ಲಿಲ್ಲ ಅಂದ್ರ್, ಇನ್ ಮೀನ್ ತಲಿ ಈ ಹಿತ್ಲೊಳ್ಗ್ ಬಪ್ಪುಕಾಗ."

ಬಿಳಿ ಬೋಗುಣಿಯಲ್ಲಿ ರಾತ್ರಿಯಿಡೀ ಕೂತ ಕಪ್ಪೆಗಳು ಬಿಳಿಚಿಕೊಂಡಿದ್ದವು. ಒಂದರ ಕಾಲಿಗೆ ಕೆಂಪು ದಾರ ಕಟ್ಟಿ ಮದ್ದು ಚುಚ್ಚಿದೆ. ಇನ್ನೊಂದಕ್ಕೆ ಬರಿಯ ಹುಳಿ-ಉಪ್ಪುನೀರು. ಮೇಲೆ ಬಲೆಯ ಚೂರು ಹೊದಿಸಿದೆ. ಅಷ್ಟರಲ್ಲಿ ಗಡಿಯಾರ ಒಂಬತ್ತು ಹೊಡೆಯಿತು. ಒಂಬತ್ತೆಂದರೆ ನನಗೆ ಸ್ನಾನ, ಪೂಜೆ, ಪ್ರಳಯವಾದರೂ ತಪ್ಪದು. ಹೋದೆ. ಒಂದೇ ಹೂವನ್ನು ದೇವರಿಗೆ ಎರಡು ಸಲ ಏರಿಸಿದೆ. ಮಂತ್ರದ ನಡುವೆ ಕಪ್ಪೆ ಕುಪ್ಪಳಿಸಿತು.

ಮರಳಿ ಬಂದರೆ ಬೋಗುಣಿ ಖಾಲಿ! "ಕಾಕಿ ಬಲೆ ಕುಕ್ಕುಕೆ ಶುರು ಮಾಡ್ತ್. ಎರಡನ್ನೂ ಇದ್ರೊಳ್ಗ್ ಸುರ್ದ್ ಹಲ್ಗಿ ಮುಚ್ಚಿದೆ" ಎಂದು ಹೆಂಡತಿ ಬಚ್ಚಲಿನ ಹಳೆಯ ಬಾಣಲೆ ತೋರಿಸಿದಳು. ಅದು ಒಳಹೊರಗೆ ಕಾಡಿಗೆಯಂತಿತ್ತು. ಒಳಗೆ ಎರಡು ಕಪ್ಪೆಗಳೂ ಕಾಡಿಗೆಯಂತೆಯೇ. "ಎರಡೂ ಕಪ್ಪಾಯ್ತಲೆ, ನೀವ್ ಗೆದ್ರಿ!"

ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದ ಹಾಗೆಯೇ. ಆದರೆ ಜೀವಮಾನವಿಡೀ ಮಕ್ಕಳಿಗೆ 'ಹೋಲಿಸಿ ನೋಡು' ಎಂದು ಬೆತ್ತ ಆಡಿಸಿದವನು ನಾನು. ಕಪ್ಪೆ ಕೂತ ಜಾಗದ ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳಿ, ಎರಡನ್ನೂ ಮತ್ತೆ ಬಿಳಿ ಬೋಗುಣಿಗೆ ಹಾಕಿ ಕೂತೆ, ಎದ್ದೆ, ಬಾವಿಕಟ್ಟೆಗೆ ಸುತ್ತು ಬಂದೆ, ಮತ್ತೆ ಕೂತೆ. ಹನ್ನೆರಡು ಹೊಡೆಯಿತು. ನನ್ನ ಎಲೆ ಹಾಕುವ ಹೊತ್ತು. "ಅನ್ನ ಆರ್ತಿತ್ತ್!" ಎಂಬ ಕೂಗು ಬಂತು. ಏಳಲಿಲ್ಲ. ಎರಡನೆಯ ಕೂಗಿಗೂ ಏಳಲಿಲ್ಲ.

ದಾರವಿಲ್ಲದ ಕಪ್ಪೆ ಮೆಲ್ಲಗೆ ಬಿಳಿಚಿತು. ದಾರದ್ದು ಕಪ್ಪಾಗಿಯೇ ಕುಳಿತಿತ್ತು.

ನನ್ನ ಬೊಬ್ಬೆಗೆ ಓಡಿ ಬಂದ ಹೆಂಡತಿ ಬಗ್ಗಿ ನೋಡಿದಳು. "ಹೌದ್ ಮರಾಯ್ರೆ! ಆರೆ ಊಟದ ಹೊತ್ ಕಳ್ದ್ ಹೋಯ್ತಲೆ?"

"ಹೊತ್ತು ಕಳೆದರೇನು? ಊಟ ಆಗಿಲ್ಲವಲ್ಲ!" ಎಂದೆ.

"ನಿಮ್ ಗಡಿಯಾರ ನಿಲ್ಸುಕೆ ಬಂಗ್ಡಿ ತಲಿಯೇ ಬೇಕಾಯ್ತ್" ಎಂದು ನಗುತ್ತಾ ಒಳಗೆ ಹೋದಳು.

ತಣ್ಣಗಿನ ಅನ್ನ ಉಂಡೆ. ದಾರ ಬಿಚ್ಚಿ ಕಪ್ಪೆಗಳನ್ನು ಬಾವಿಯ ಬದಿಗೆ ಬಿಟ್ಟೆ. ಸಂಜೆಯೊಳಗೆ ಕಪ್ಪೆ ಕೂತಿದ್ದ ಬಾಣಲೆಯನ್ನು ಬೂದಿ, ತೆಂಗಿನ ನಾರು ಹಾಕಿ ತಿಕ್ಕಿ ಮುಗಿಸಿದೆ. ಅದು ಎಳ್ಳಷ್ಟೂ ಬಿಳಿಚಲಿಲ್ಲ. ಹೆಂಡತಿ ಇಣುಕಿ ಕೇಳಿದಳು:

"ಇದ್ಕೂ ಸೂಜಿ ಚುಚ್ಚಿದ್ರ್ಯಾ?"