ಬೆಟ್ಟ ನಡೆಯುವಾಗ ಎಲ್ಲರೂ ಕ್ಯಾಮೆರಾ ನೋಡಿದ್ದು

ಕಳೆದ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ, ಪುತ್ತೂರಿನ ನಮ್ಮ ಮನೆಯಲ್ಲಿ, ನಾನು ಬಿಡಿಸಿದ ಚಿತ್ರವೊಂದನ್ನು ನನ್ನ ಹೆಂಡತಿ ಸುಗುಣ ಬಹಳ ಹೊತ್ತು ನೋಡಿದಳು. ಬಳಿಕ, "ಇದರಲ್ಲಿ ನನ್ನ ಪದ್ದು ಎಲ್ಲಿದ್ದಾಳೆ?" ಎಂದು ಕೇಳಿದಳು. ಪದ್ದು ಅವಳು ಬರೆದ ಮಕ್ಕಳ ಕಥೆಯ ನಾಯಕಿ. ಚಿತ್ರ ಆ ಪುಸ್ತಕದ ಮುಖಪುಟಕ್ಕೆ. ನಾನು ಬೆರಳಿಟ್ಟು ತೋರಿಸಬೇಕಾಯಿತು. ಮೊದಲ ಸಲ ಇಟ್ಟ ಬೆರಳು ತಪ್ಪಿತ್ತು. ಅದು ಹಾಲಿನ ಸೊಸೈಟಿಯ ಕಾರ್ಯದರ್ಶಿ.

ಕಥೆ ಸರಳ. ಊರವರು ಕೆಂಪುಕಲ್ಲು ಕಡಿದು ಕಡಿದು ರೋಸಿಹೋದ ಬೆಟ್ಟವೊಂದು ಒಂದು ದಿನ ಎದ್ದು ಕಡಲಿನ ಕಡೆಗೆ ನಡೆಯತೊಡಗುತ್ತದೆ. ಎಲ್ಲರೂ ಓಡುತ್ತಾರೆ. ಪದ್ದು ಎಂಬ ಸಣ್ಣ ಹುಡುಗಿ ಮಾತ್ರ ದಾರಿಗೆ ಅಡ್ಡ ನಿಂತು, "ನೀನು ಹೋದರೆ ನಮ್ಮ ಮನೆ ಎಲ್ಲಿ ಉಂಟು ಅಂತ ಜನರಿಗೆ ಹೇಗೆ ಹೇಳುದು?" ಎಂದು ಕೇಳುತ್ತಾಳೆ. ಸುಗುಣ ಶಾಲೆಯಲ್ಲಿ ಪಾಠ ಮಾಡುತ್ತಿದ್ದಷ್ಟು ವರ್ಷವೂ ಈ ಹುಡುಗಿಯನ್ನು ತಲೆಯಲ್ಲಿ ಇಟ್ಟುಕೊಂಡಿದ್ದಳು. ನಿವೃತ್ತಿಯ ಮೇಲೆ ಬರೆದಳು. ಅವಳ ಮೊದಲ ಪುಸ್ತಕ. ಶನಿವಾರದವರೆಗೆ ಕಾಯುತ್ತೇವೆ, ಆಮೇಲೆ ಹಳದಿ ರಟ್ಟಿನ ಮೇಲೆ ಬರೀ ಹೆಸರು ಹಾಕಿ ಮುಗಿಸುತ್ತೇವೆ ಎಂದು ಪ್ರೆಸ್ಸಿನವರು ಹೇಳಿದ್ದರು. ಚಿತ್ರದ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ಒಂದೇ ಕಾರಣ. ಪತ್ರಿಕೆಯಲ್ಲಿದ್ದಾಗ ನಾನು ಅಪಘಾತ ನಡೆದ ಸ್ಥಳದ ನಕ್ಷೆ ಬಿಡಿಸುತ್ತಿದ್ದೆ. ಬಸ್ಸು ಎಲ್ಲಿ, ಲಾರಿ ಎಲ್ಲಿ, ಬಾಣದ ಗುರುತು ಎತ್ತ ಎಂಬ ವಿಷಯದಲ್ಲಿ ನನಗೆ ಒಳ್ಳೆಯ ಹೆಸರಿತ್ತು. ನಡೆಯುವ ಬೆಟ್ಟದ ಅನುಭವ ಇರಲಿಲ್ಲ.

ಅದೇ ದಿನ ಮಂಡೆಕೋಲಿನಿಂದ ಸುಗುಣಳ ಅಣ್ಣ ದೇವಣ್ಣ ಬಂದರು. ಚಿತ್ರ ಮೇಜಿನ ಮೇಲೆಯೇ ಇತ್ತು. ಚಾ ಕುಡಿಯುತ್ತಾ ನೋಡಿದರು. "ಇದು ಎಂತದ್ದು ಭಾವ, ಸೊಸೈಟಿ ಕಟ್ಟಡದ ಉದ್ಘಾಟನೆಯಾ? ನಡುವಲ್ಲಿ ನಿಂತದ್ದು ಅಧ್ಯಕ್ಷರಾ?"

"ಅದು ಬೆಟ್ಟ," ಎಂದೆ.

"ಹಾಗಾದರೆ ಬೆಟ್ಟಕ್ಕೆ ಶಾಲು ಹೊದೆಸಿಲ್ಲ ಯಾಕೆ?"

ನಾನು ಮತ್ತೆ ಚಿತ್ರ ನೋಡಿದೆ. ಅವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ಬೆಟ್ಟ ನಟ್ಟನಡುವೆ ಇತ್ತು. ಅದರ ಎಡಕ್ಕೂ ಬಲಕ್ಕೂ ಊರವರು ಒಂದೇ ಎತ್ತರದಲ್ಲಿ, ಒಂದೇ ಸಾಲಿನಲ್ಲಿ, ಮುಖ ಮುಂದೆ ಮಾಡಿಕೊಂಡು ನಿಂತಿದ್ದರು. ಪಕ್ಷಪಾತವಾಗಬಾರದೆಂದು ಎಲ್ಲರಿಗೂ ಗಾಢ ಬಣ್ಣದ ಬಟ್ಟೆ ತೊಡಿಸಿದ್ದೆ. ಪದ್ದು ಬಲದಿಂದ ಮೂರನೆಯವಳು. ಬೆನ್ನ ಹಿಂದೆ ಬೆಟ್ಟವೇ ಎದ್ದು ಹೊರಟಿರುವಾಗ ಇಷ್ಟು ಜನ ನೆಮ್ಮದಿಯಿಂದ ನಿಂತಿರುವ ಊರು ಭೂಮಿಯ ಮೇಲೆ ಇರಲಾರದು.

ಆದರೆ ಪತ್ರಿಕೆಯ ಗ್ರೂಪ್ ಫೋಟೋಗಳಲ್ಲಿ ಪಳಗಿದ ಕೈಗೆ ಬೇರೆ ಅಭ್ಯಾಸವಿರಲಿಲ್ಲ. ಒಮ್ಮೆ ಜಾಲ್ಸೂರಿನ ಸಮಾರಂಭವೊಂದರ ಫೋಟೋದಲ್ಲಿ ತುದಿಯವರ ಅರ್ಧ ಭುಜವನ್ನು ನಾನು ಕತ್ತರಿಸಿದ್ದೆ, ಕಾಲಂ ಹೊಂದಿಸಲಿಕ್ಕೆ. ಮರುದಿನ ಆ ಭುಜ, ಅದರ ಮಾಲೀಕರು, ಮಾಲೀಕರ ಇಬ್ಬರು ಅಳಿಯಂದಿರು ಕಚೇರಿಗೆ ಬಂದು ಊಟದ ಹೊತ್ತಿನವರೆಗೆ ಕೂತರು. "ನಾವೆಂತ ಸಮಾರಂಭಕ್ಕೆ ದುಡ್ಡು ಕೊಡ್ಲಿಲ್ವಾ ಮಾರಾಯ್ರೆ?" ಎಂದು ಬಹಳ ಮೆಲ್ಲಗೆ ಕೇಳಿದರು. ಆವತ್ತಿನಿಂದ ನಾನು ಯಾರನ್ನೂ ಯಾವ ಚಿತ್ರದಿಂದಲೂ ತೆಗೆದವನಲ್ಲ.

ಮಂಗಳವಾರ ಬೇರೆ ಹಾಳೆ ತೆಗೆದುಕೊಂಡು, ಎದೆ ಗಟ್ಟಿ ಮಾಡಿ, ಊರವರೆಲ್ಲರನ್ನೂ ಬಿಟ್ಟೆ. ಕಾರ್ಯದರ್ಶಿಯೂ ಹೋದರು. ಬೆಟ್ಟ ಮತ್ತು ಪದ್ದು ಉಳಿದರು; ಜೊತೆಗೆ ಖಾಲಿ ಜಾಗವೂ ಉಳಿಯಿತು. ಪುಟದಲ್ಲಿ ಖಾಲಿ ಜಾಗ ಕಂಡರೆ ಹಳೆಯ ಉಪಸಂಪಾದಕನ ಕೈ ಸುಮ್ಮನಿರುವುದಿಲ್ಲ. ಜಾಹೀರಾತು ಬರದಿದ್ದರೆ ಸುಭಾಷಿತ, ಸುಭಾಷಿತ ಸಾಲದಿದ್ದರೆ ಬಸ್ಸಿನ ವೇಳಾಪಟ್ಟಿ ಹಾಕಿ ಬದುಕಿದವನು ನಾನು. ಸಂಜೆಯ ಹೊತ್ತಿಗೆ ಆಕಾಶದಲ್ಲಿ ಮಂಗಟ್ಟೆ ಹಕ್ಕಿಗಳು, ರೆಕ್ಕೆ ಇರುವ ಮೀನುಗಳು, ಎರಡು ಚಂದ್ರ ಮತ್ತು ಒಂದು ಹಾರುವ ಹಡಗು ಬಂದಿದ್ದವು. ಸುಗುಣ ಬಂದು ನೋಡಿ, ಒಳಗೆ ಹೋಗಿ ಪಾತ್ರೆ ತೊಳೆದಳು. ಆಗಲೇ ತೊಳೆದಿಟ್ಟ ಪಾತ್ರೆಗಳು.

ಬುಧವಾರ ಚಿತ್ರವನ್ನು ಸುರುಳಿ ಸುತ್ತಿಕೊಂಡು ಕಡಬದ ಬಸ್ಸು ಹತ್ತಿದೆ. ಅಲ್ಲಿ ಇಬ್ರಾಹಿಂ ಮಾಸ್ಟ್ರಿದ್ದಾರೆ; ಸುಗುಣ ಇದ್ದ ಶಾಲೆಯಲ್ಲೇ ಡ್ರಾಯಿಂಗ್ ಕಲಿಸಿದವರು. ಅವರು ಚಿತ್ರವನ್ನು ಗೋಡೆಗೆ ಒರಗಿಸಿ, ನನ್ನನ್ನು ಅಂಗಳದ ತುದಿಗೆ ಕಳಿಸಿದರು. "ಈಗ ಕಣ್ಣು ಅರ್ಧ ಮುಚ್ಚಿ ನೋಡಿ. ಎಂತ ಕಾಣ್ತದೆ?"

"ಎಂತದೂ ಕಾಣುದಿಲ್ಲ."

"ಹಾಂ. ಅದೇ ಕಾಯಿಲೆ," ಎಂದರು. ಕಣ್ಣು ಅರ್ಧ ಮುಚ್ಚಿದಾಗಲೂ ಯಾವುದು ಉಳಿಯುತ್ತದೋ ಅದೇ ಚಿತ್ರವಂತೆ. ಖಾಲಿ ಜಾಗ ಬಿಟ್ಟರೆ ಮಾತ್ರ ಬೆಟ್ಟ ದೊಡ್ಡದಾಗುತ್ತದಂತೆ. ಹುಡುಗಿಯನ್ನು ನಡುವಿನಿಂದ ಎಡಕ್ಕೆ ಸರಿಸಬೇಕು, ಬೆಟ್ಟ ಅವಳ ಕಡೆಗೆ ಬಗ್ಗಬೇಕು, ಉಳಿದದ್ದೆಲ್ಲ ಬೂದು ಇರಬೇಕು. "ಕೆಂಪು ಒಂದೇ ಕಡೆ. ಅವಳ ಲಂಗಕ್ಕೆ. ನೀವು ಪೇಪರಿನವರಲ್ವಾ? ಒಂದು ಸುದ್ದಿಗೆ ಎಷ್ಟು ಹೆಡ್ಡಿಂಗ್ ಕೊಡ್ತೀರಿ?"

ಒಂದು, ಎಂದೆ. ಹೊಸ ವರದಿಗಾರರಿಗೆ ನಾನು ವರ್ಷಗಟ್ಟಲೆ ಹೇಳಿದ ಪಾಠವೇ ಅದು. ಮೊದಲ ಸಾಲಿನಲ್ಲಿ ಸುದ್ದಿ ಇಡಿ, ಉಳಿದದ್ದು ತಾನಾಗಿ ಹಿಂದೆ ನಿಲ್ಲುತ್ತದೆ. ಬೇರೆಯವರ ಬರಹದಿಂದ ಅವರ ಅಜ್ಜನ ಸಾವನ್ನೂ ಕಣ್ಣು ಮಿಟುಕಿಸದೆ ಹೊಡೆದುಹಾಕಿದವನು, ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಹಾರುವ ಹಡಗಿಗಾಗಿ ವ್ಯಥೆಪಟ್ಟೆ. ಮನೆಗೆ ಬಂದು ಅಭ್ಯಾಸಕ್ಕೆಂದು ಕಣ್ಣು ಅರ್ಧ ಮುಚ್ಚಿ ಗೋಡೆ, ಕಿಟಕಿ, ಫ್ರಿಜ್ಜು ಎಲ್ಲವನ್ನೂ ನೋಡುತ್ತ ಕುಳಿತೆ. ಸುಗುಣ ನಾನು ನಿದ್ದೆ ಮಾಡುತ್ತಿದ್ದೇನೆಂದು ಫ್ಯಾನು ಹಾಕಿ ಹೋದಳು. ಹಾಳೆ ಹಾರಿ ನೀರಿನ ಲೋಟದ ಮೇಲೆ ಬಿತ್ತು, ಲೋಟ ಮಗುಚಿತು. ಎರಡು ಚಂದ್ರರೂ ಮೀನುಗಳೂ ಒಂದಾಗಿ ಹರಿದವು. ಶನಿವಾರಕ್ಕೆ ಎರಡೇ ದಿನ ಉಳಿದಿತ್ತು. ಹಳದಿ ರಟ್ಟು ನನ್ನ ಕಣ್ಣಮುಂದೆ ಬಂತು. ಅದು ಕಣ್ಣು ಪೂರ್ತಿ ಮುಚ್ಚಿದರೂ ಕಾಣುತ್ತಿತ್ತು.

ಗುರುವಾರ ಇಡೀ ದಿನ ಕೂತು ಮೂರನೇ ಚಿತ್ರ ಮಾಡಿದೆ. ಆಕಾಶಕ್ಕೆ ಕೈ ಹಾಕಲಿಲ್ಲ. ಬೆಟ್ಟ ಬಾಗಿತು. ಊರು ಬೂದುಬಣ್ಣದಲ್ಲಿ ಕರಗಿತು. ಎಡಗಡೆ ಪದ್ದು, ಬೆರಳಿನಷ್ಟು ಎತ್ತರ, ಕೆಂಪು ಲಂಗ. ಬೆಟ್ಟ ಇಳಿದು ಬಂದ ದಾರಿ ಅವಳ ಮುಂದಿನಿಂದ ಹಾದು ಬಲಮೂಲೆಗೆ ಹೋಯಿತು. ಶುಕ್ರವಾರ ಬೆಳಿಗ್ಗೆ ಸುಗುಣ ನೋಡಿದಳು. ಈ ಸಲ ಪದ್ದು ಎಲ್ಲಿ ಎಂದು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. "ಇವಳು ಹೀಗೆಯೇ ನಿಲ್ಲುದು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆದರೂ ಎಂತದೋ ಒಂದು ಕಣ್ಣನ್ನು ಎಳೀತದೆ," ಎಂದಳು.

ಫೋಟೋ ತೆಗೆದು ಕಡಬಕ್ಕೆ ಕಳಿಸಿದೆವು. ಮಾಸ್ಟ್ರು ಕೂಡಲೇ ಫೋನು ಮಾಡಿದರು. ಸುಗುಣ ಸ್ಪೀಕರ್ ಹಾಕಿದಳು.

"ಒಳ್ಳೆಯದಾಗಿದೆ. ಈಗ ಕಣ್ಣು ಸೀದಾ ಒಂದೇ ಕಡೆ ಹೋಗ್ತದೆ."

"ಪದ್ದುವಿನ ಕಡೆಗೆ ಅಲ್ವಾ?" ಎಂದೆ.

"ಅಲ್ಲ. ನಿಮ್ಮ ಹೆಸರಿನ ಕಡೆಗೆ."

ಬಲಮೂಲೆಯಲ್ಲಿ, ದಾರಿ ಬಂದು ಮುಟ್ಟುವ ಜಾಗದಲ್ಲಿ, ಕುಂಚದಲ್ಲಿ ಉಳಿದ ಕೆಂಪಿನಿಂದ ನಾನು ಸಹಿ ಹಾಕಿದ್ದೆ. ಹುಡುಗಿಗಿಂತ ಹೆಸರು ತುಸು ಉದ್ದವಿತ್ತು.

"ಅದರ ಮೇಲೆ ಬೂದು ಹಚ್ಚಿದರೆ?" ಎಂದೆ.

"ಕೆಂಪು ಹರಡ್ತದೆ. ಹುಣ್ಣಿನ ಹಾಗೆ ಕಾಣ್ತದೆ," ಎಂದರು ಮಾಸ್ಟ್ರು.

ಸುಗುಣ ಸ್ಕೇಲನ್ನು ಚಿತ್ರದ ಕೆಳಭಾಗಕ್ಕೆ ಅಡ್ಡ ಇಟ್ಟು ಹೆಸರು ಮುಚ್ಚಿದಳು. ನನ್ನ ಮುಖ ನೋಡಿದಳು. ಸ್ಕೇಲು ತೆಗೆದಳು. "ಬೇಡ ಬಿಡಿ, ನೀವು ಕಷ್ಟಪಟ್ಟದ್ದು," ಎಂದಳು. ನಾನು ಕಣ್ಣು ಅರ್ಧ ಮುಚ್ಚಿ ನೋಡಿದೆ. ಬೆಟ್ಟ ಹೋಯಿತು, ಹುಡುಗಿ ಹೋದಳು. ನಾನು ಉಳಿದೆ.

ಶನಿವಾರ ಪ್ರೆಸ್ಸಿಗೆ ಹೋಗಿ, ಚಿತ್ರದ ಕೆಳಗಿನಿಂದ ಎರಡು ಬೆರಳಗಲ ಕತ್ತರಿಸಿ ಅಂದೆ.

ನಿನ್ನೆ ಪುಸ್ತಕ ಬಂತು. ಮುಖಪುಟದಲ್ಲಿ ಪದ್ದು ಇದ್ದಾಳೆ. ದೇವಣ್ಣ ಕನ್ನಡಕ ಹಾಕದೆಯೇ ಗುರುತಿಸಿದರು. ಎರಡನೇ ಪುಟದ ಕೊನೆಗೆ ಪ್ರೆಸ್ಸಿನವರು ಸೇರಿಸಿದ ಸಾಲು ಹೀಗಿದೆ: ಮುಖಪುಟ ಚಿತ್ರ ಕೃಪೆ – ಅಂತರ್ಜಾಲ.