ಹತ್ತು ಬಣ್ಣದ ಗೋಡೆ

ಬೇಸಿಗೆ ಮುಗಿಯುತ್ತಾ ಬಂದಿತ್ತು, ಬೆಳಿಗ್ಗೆ ಹತ್ತು ಗಂಟೆ. ಸರ್ಕಾರಿ ಆಫೀಸಿನ ದೊಡ್ಡ ಹಾಲಿನ ಬಾಗಿಲಿಗೆ ಪೇಂಟರ್ ಏಣಿ, ಬಕೆಟ್ಟು ಸಮೇತ ಬಂದು ನಿಂತ. ಯಾರೂ ಕರೆದಿರಲಿಲ್ಲ. ಆಫೀಸಿಗೆ ಹೊಸ ಅಧಿಕಾರಿ ಮೇಡಂ ಬಂದು ವಾರವಾಗಿತ್ತು, ಅವನಿಗೆ ಅಷ್ಟೇ ಸಾಕು.

ನಲವತ್ತು ವರ್ಷದಿಂದ ಅಲ್ಲಿ ನಡೆದುಬಂದದ್ದು ಹಾಗೇ. ಬಂದ ಅಧಿಕಾರಿಗಳೆಲ್ಲ ಆಫೀಸನ್ನು ಹೊಸದು ಮಾಡುತ್ತೇನೆ ಅನ್ನುತ್ತಿದ್ದರು. ಫೈಲು ಮುಟ್ಟಿದರೆ ಧೂಳು ಏಳುತ್ತದೆ, ಗುಮಾಸ್ತರನ್ನು ಮುಟ್ಟಿದರೆ ಜಗಳ ಏಳುತ್ತದೆ. ಹಾಗಾಗಿ ಗೋಡೆಗೆ ಬಣ್ಣ ಹೊಡೆಸುತ್ತಿದ್ದರು. ಹತ್ತು ಅಧಿಕಾರಿಗಳು, ಹತ್ತು ಬಣ್ಣ. ಎಲ್ಲವನ್ನೂ ಹೊಡೆದವನು ಇವನೊಬ್ಬನೇ. ಅವರ ಮುಖ ಮರೆತಿದ್ದ, ಬಣ್ಣ ಮರೆತಿರಲಿಲ್ಲ. ಗಿಣಿಹಸಿರಿನವರು ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಆಕಾಶನೀಲಿಯವರು ಬರುತ್ತಲೇ ಇರಲಿಲ್ಲ.

ಹೊರಡುವಾಗ ಹೆಂಡತಿ ಹೇಳಿದ್ದಳು, "ಊರೆಲ್ಲಾ ಮಿಷಿನ್ನಲ್ಲಿ ಬಣ್ಣ ಹೊಡೀತಿದಾರೆ. ನಿಮಗುಳಿದಿರೋದು ಆ ಆಫೀಸಿನ ಹಾಲೊಂದೇ. ಅದೂ ಸಿಗಲಿಲ್ಲ ಅಂದ್ರೆ ಸುಮ್ನೆ ಅಳಿಯನ ಅಂಗಡೀಲಿ ಕೂತ್ಕೊಳ್ಳಿ."

ಅಳಿಯ ಒಳ್ಳೆಯವನೇ. ಆದರೆ ಮಾವನಿಗೆ ಕುರ್ಚಿಯಲ್ಲಿ ಕೂರುವುದನ್ನೂ ಹೇಳಿಕೊಡುವ ಪೈಕಿ.

ಹೆಡ್ ಕ್ಲರ್ಕ್ ಓಡಿಬಂದರು. "ಬನ್ನಿ ಬನ್ನಿ! ಹೇಳಿ ಕಳಿಸೋಣ ಅಂತಿದ್ದೆ. ಮೂರು ಗಂಟೆಗೆ ನಿಮಗೆ ಸನ್ಮಾನ!"

"ನನಗಾ? ನಾನೇನ್ ತಪ್ಪು ಮಾಡ್ದೆ ಸಾರ್?"

"ನಲವತ್ತು ವರ್ಷ ಆಯ್ತಲ್ರೀ! ಜೊತೆಗೆ ನಿಮ್ಮ ಜೀವಮಾನದ ಕೃತಿಗಳ ಪ್ರದರ್ಶನ. ಕಲಾ ವಿಮರ್ಶಕರು ಬೇರೆ ಬರ್ತಿದಾರೆ. ಕಾರ್ಡು ಹಂಚಿಯಾಗಿದೆ. ಎಲ್ಲಿ, ಕೃತಿಗಳು?"

ಪೇಂಟರ್ ಗೋಡೆ ತೋರಿಸಿದ.

"ಅದು ಬರೀ ಬೂದು ಗೋಡೆ ಕಣ್ರೀ."

"ಬೂದು ಕಡೇದು ಸಾರ್. ಉಳಿದ ಒಂಬತ್ತು ಅದರ ಕೆಳಗಿದಾವೆ. ನನ್ನ ಕೆಲಸಾನ ನಾನೇ ಮುಚ್ಕೊಂಡು ಬಂದಿದೀನಿ."

ಹೆಡ್ ಕ್ಲರ್ಕ್ ಮುಖ ವಿಳಾಸವಿಲ್ಲದ ಲಕೋಟೆಯಂತಾಯಿತು. ಟೈಪಿಸ್ಟ್ ಅಕ್ಕ ಕೂತಲ್ಲಿಂದಲೇ ದಾರಿ ತೋರಿಸಿದಳು. "ಕೆರೆದು ತೋರಿಸ್ಲಿ. ಅದಕ್ಕೇನಂತೆ?"

"ಮೇಡಂನ ಕೇಳ್ದೆ ಕೆರೆದ್ರೆ ಈ ಸಲದ ಕೆಲಸ ಹೋಗತ್ತಲ್ಲ ಅಕ್ಕಾ..."

"ಕೆರೀದೇ ಇದ್ರೆ ನನ್ನ ಕೆಲಸ ಹೋಗತ್ತೆ," ಅಂದರು ಹೆಡ್ ಕ್ಲರ್ಕ್. "ಕೆರೀರಿ."

ಪೇಂಟರ್ ಒಂದು ಗೇಣು ಕೆರೆದ. ಗುಲಾಬಿ ಬಂತು.

"ನಿಲ್ಸಿ, ನಿಲ್ಸಿ!" ಟೈಪಿಸ್ಟ್ ಅಕ್ಕ ಎದ್ದೇ ಬಂದಳು. "ನನ್ನ ಕೆಲಸ ಖಾಯಂ ಆಗಿದ್ದು ಗುಲಾಬಿಯೋರ ಕಾಲದಲ್ಲಿ. ಇದು ದೊಡ್ಡದಾಗಿ ಕಾಣ್ಲಿ."

"ನನ್ನ ಸಸ್ಪೆಂಡ್ ಮಾಡಿದ್ದೂ ಗುಲಾಬಿಯೋರೇ!" ಎಂದು ಜವಾನ ಕೂಗಿದ. "ಕೊಡಿ ಇಲ್ಲಿ, ಗುರುತಿಲ್ಲದ ಹಾಗೆ ಕೆರೀತೀನಿ!" ಪೇಂಟರ್ ಕೈಯಿಂದ ಕೆರೆಯುವ ಪಟ್ಟಿ ಕಿತ್ತುಕೊಂಡೇಬಿಟ್ಟ. ಹೆಡ್ ಕ್ಲರ್ಕಿಗೆ ಬಡ್ತಿ ಸಿಕ್ಕಿದ್ದು ಹಳದಿಯಲ್ಲಿ. ಅವರು ಕಬ್ಬಿಣದ ಸ್ಕೇಲ್ ಹಿಡಿದು ಹಳದಿ ಹುಡುಕಲು ಹೊರಟರು. ಟೈಪಿಸ್ಟ್ ಅಕ್ಕ ಗುಲಾಬಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ಆ ಆಫೀಸಿನಲ್ಲಿ ಅಷ್ಟು ಕೆಲಸ ಒಂದೇ ದಿನ ನಡೆದದ್ದನ್ನು ಯಾರೂ ಕಂಡಿರಲಿಲ್ಲ.

ಎರಡೂವರೆಗೆ ಗೋಡೆ ಕಜ್ಜಿ ಹತ್ತಿದ ಕುದುರೆಯಂತೆ ನಿಂತಿತ್ತು. ಒಂದು ಮೂಲೆಯಲ್ಲಿ ಇಟ್ಟಿಗೆ ಹಲ್ಲು ಕಿರಿಯುತ್ತಿತ್ತು. ಅದರ ಪಕ್ಕದಲ್ಲೇ ಅಂಗೈಯಗಲ ಬಿಳಿ, ಅವನು ಹೊಡೆದ ಮೊದಲ ಬಣ್ಣ. ಕುಂಚದ ಕೂದಲೊಂದು ಅದರಲ್ಲಿ ಇನ್ನೂ ಅಂಟಿಕೊಂಡಿತ್ತು. ಪೇಂಟರ್ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಅವನಿಗೆ ಹೊಳೆಯಿತು: ಇಷ್ಟು ಕೆಟ್ಟ ಗೋಡೆಯನ್ನು ಯಾವ ಮೇಡಂ ತಾನೇ ಹೀಗೇ ಬಿಟ್ಟಾರು? ತಿಂಗಳಿಡೀ ಕೆಲಸ!

ಮೇಡಂ ಬಂದರು, ಹಿಂದೆ ವಿಮರ್ಶಕರು. "ಯಾರ್ರೀ ಇದು ಮಾಡಿದ್ದು?"

ಮೂರೂ ಜನ ಪೇಂಟರ್ ಕಡೆ ಬೆರಳು ಮಾಡಿದರು.

"ನಾಳೆಯಿಂದಲೇ ಸರಿ ಮಾಡ್ಕೊಡ್ತೀನಿ ಮೇಡಂ. ಯಾವ ಬಣ್ಣ ಅಂತ ಹೇಳಿಬಿಡಿ."

ಮೇಡಂ ಬಣ್ಣದ ಹೆಸರು ಹೇಳಲು ಬಾಯಿ ತೆರೆದಿದ್ದರು. ವಿಮರ್ಶಕರು ಕೈ ಎತ್ತಿದರು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಕನ್ನಡಕ ಒರೆಸಿ, ಮತ್ತೆ ನೋಡಿದರು. ಕಣ್ಣಲ್ಲಿ ನೀರು.

"ಇಡೀ ಜೀವಮಾನ ಬಣ್ಣ ಹಚ್ಚಿ, ಕೊನೆಗೆ ಅದನ್ನೇ ಸುಲಿದು ತೋರಿಸಿದಾರೆ! ಇಂಥ ಗೋಡೆ ಬೇರೆಲ್ಲಿದೆ ಮೇಡಂ? ಯಾರ ಯೋಚನೆ ಇದು?"

"ನನ್ನದೇ," ಅಂದರು ಮೇಡಂ.

ಸಭೆ ಶುರುವಾಗುವುದರೊಳಗೆ ಆಜ್ಞೆ ಟೈಪಾಯಿತು: ಈ ಗೋಡೆಗೆ ಇನ್ನು ಮುಂದೆ ಯಾರೂ, ಯಾವ ಕಾರಣಕ್ಕೂ, ಬಣ್ಣ ಹಚ್ಚತಕ್ಕದ್ದಲ್ಲ. ಗೋಡೆಯ ಮುಂದೆ ಹಗ್ಗ ಕಟ್ಟಿದರು. ಭಾಷಣದ ನಡುವೆ ಹಳದಿಯ ಒಂದು ಚಕ್ಕೆ ನೇತಾಡುವುದು ಕಂಡು ಪೇಂಟರ್ ಅಭ್ಯಾಸಬಲದಿಂದ ಕೈ ಚಾಚಿದ. ಜವಾನ ಕೈ ಮೇಲೆ ಒಂದು ಬಿಟ್ಟ.

"ರೀ, ಮುಟ್ಟಬಾರ್ದು ಅಂತ ಗೊತ್ತಾಗಲ್ವಾ?"

ಪತ್ರಿಕೆಯಲ್ಲಿ ಫೋಟೋ ಬಂತು, ಗೋಡೆಯದೂ ಮೇಡಂದೂ. ಮೇಲಿನವರು ಮೆಚ್ಚಿ ಮೇಡಂಗೆ ಬಡ್ತಿ ಕೊಟ್ಟರು. ಪೇಂಟರ್‌ಗೆ ಮತ್ತೆ ಜೀವ ಬಂತು. "ಇನ್ನು ಹೊಸಬರು ಬರ್ತಾರಲ್ವಾ ಸಾರ್? ಬಣ್ಣ ಹೊಡೆಸ್ತಾರಲ್ವಾ?"

"ಅದೆಂಗಾಗತ್ತೆ? ಆಜ್ಞೆ ಇದೆಯಲ್ರೀ," ಅಂದರು ಹೆಡ್ ಕ್ಲರ್ಕ್. ಹೋದ ಅಧಿಕಾರಿಯ ಆಜ್ಞೆಗೆ ಆ ಆಫೀಸಿನಲ್ಲಿ ಬೆಲೆ ಬಂದದ್ದು ಅದೇ ಮೊದಲು.

ಬುಧವಾರ ಮೇಡಂ ದೊಡ್ಡ ಆಫೀಸಿಗೆ ಹೋದರು. ಗುರುವಾರ ಪೇಂಟರ್ ಅಳಿಯನ ಅಂಗಡಿಗೆ ಹೋದ.