ನಿಮ್ಮದರ ಮುಂದೆ ನಮ್ಮದೇನು

ತಾಜಿಮಾ ಬೆಟ್ಟದ ಕಡೆ ಮರ್ಯಾದಸ್ಥರು ಯಾರೂ ತಮ್ಮ ದನವನ್ನು ತಾವೇ ಹೊಗಳಿಕೊಳ್ಳುವುದಿಲ್ಲ. ತಮೊತ್ಸುವಿಗೆ ಗ್ರಹಚಾರ ವಕ್ಕರಿಸಿದ್ದೇ ಈ ಮರ್ಯಾದೆಯಿಂದ.

ದನಗಳ ಪ್ರದರ್ಶನದ ದಿನ ಬೆಳಿಗ್ಗೆ, ಮೈ ತೊಳೆಯುವ ಕಟ್ಟೆಯ ಮೇಲೆ ಅವನ ಕಡಸು ಫುಕುಮಿಯೂ ಪಕ್ಕದ ಮನೆ ಇವಾವೊನ ಕಡಸು ತೆರುಹಿಮೆಯೂ ಒಟ್ಟಿಗೇ ನಿಂತಿದ್ದವು. ಎರಡೂ ಹೆಸರಾದ ಮಾಂಸದ ತಳಿ, ಎರಡೂ ಇದ್ದಿಲಿನಷ್ಟು ಕಪ್ಪು. ಹಗ್ಗ ಮಾತ್ರ ಬೇರೆ. ಫುಕುಮಿಯದು ಕೆಂಪು, ತೆರುಹಿಮೆಯದು ನೀಲಿ.

"ಅಬ್ಬಾ, ಏನ್ ಬೆನ್ನು ಇವಾವೊ ಸಾನ್! ನಿಮ್ಮದರ ಮುಂದೆ ನಮ್ಮದೇನು, ಮೂಳೆ ಚೀಲ!" ಎಂದ ತಮೊತ್ಸು.

"ಛೆ ಛೆ, ನಮ್ದು ಮೇವಿಗೆ ದಂಡ. ನಿಮ್ಮ ಫುಕುಮಿ ತೊಡೆ ನೋಡಿ! ಅದರ ಕರುಗಳ ಮಾಂಸ ಬೆಣ್ಣೆ ಥರ ಇರುತ್ತೆ."

"ಹನ್ನೆರಡು ವರ್ಷದಿಂದ ಇದೇ ಪಾಠ ಒಪ್ಪಿಸ್ತಾ ಇದೀರಲ್ರಪ್ಪಾ," ಎಂದಳು ಆಚೆ ತನ್ನ ಕಡಸನ್ನು ಉಜ್ಜುತ್ತಿದ್ದ ಹಾತ್ಸು ಅಜ್ಜಿ. "ಹೋಗಿ ಪ್ರದರ್ಶನದ ಬಿಳಿ ಕೋಟು ಹಾಕ್ಕೊಂಡು ಬನ್ನಿ. ಅಲ್ಲೀವರೆಗೂ ಇವನ್ನ ನಾನ್ ನೋಡ್ಕೋತೀನಿ."

ಹೆಂಡತಿ ಕಿನುಯೆ ತಮೊತ್ಸುವಿನ ಎದೆಗೆ ಏಳನೇ ನಂಬರಿನ ಬಟ್ಟೆ ಕಟ್ಟುತ್ತಾ ಮತ್ತೊಮ್ಮೆ ನೆನಪಿಸಿದಳು. "ಮೊದಲನೇದೋ ಎರಡನೇದೋ ಬಂದ್ರೆ ಸರಿ. ಇಲ್ಲಾಂದ್ರೆ ದನ ಮಾರಿ ಕೊಟ್ಟಿಗೇಲಿ ಅಣಬೆ ಬೆಳೀತೀನಿ. ಮಾತು ಕೊಟ್ಟಿದೀರಿ."

ತಮೊತ್ಸುವಿಗೆ ಫುಕುಮಿಯನ್ನು ಮಾರುವ ಮಾತೇ ಬೇಡವಾಗಿತ್ತು. ಫುಕುಮಿ ಹುಟ್ಟಿದ್ದು ಅವನ ಕೈಯಲ್ಲೇ, ಬಾಟಲಿ ಹಾಲು ಕುಡಿದದ್ದು ಅವನ ತೊಡೆಗೆ ಒರಗಿಕೊಂಡೇ. ಓಡಿ ಬಂದು ಕೆಂಪು ಹಗ್ಗ ಹಿಡಿದವನೇ ಕಣಕ್ಕೆ ನಡೆದ.

ಕಡಸು ಕಲ್ಲಿನಂತೆ ನಿಂತಿತು. ಅದೇ ವಿಚಿತ್ರ. ಫುಕುಮಿಗೆ ನಿಂತಲ್ಲಿ ಅವನ ಮೊಣಕೈ ನೆಕ್ಕುವ ಚಾಳಿ. ಅನುಮಾನದಿಂದ ಪಕ್ಕಕ್ಕೆ ತಿರುಗಿದರೆ, ನೀಲಿ ಹಗ್ಗದ ತುದಿಯಲ್ಲಿ ಇನ್ನೊಂದು ಕಡಸು ಇವಾವೊನ ಮೊಣಕೈಯನ್ನು ಸೊರಸೊರ ನೆಕ್ಕುತ್ತಿದೆ!

ಫುಕುಮಿ ಅಲ್ಲಿದೆ, ತನ್ನ ಕೈಯಲ್ಲಿರುವುದು ತೆರುಹಿಮೆ! ತಮೊತ್ಸು ಕೂಗಲೆಂದು ಬಾಯಿ ತೆರೆದ. ಹಾಗೇ ಮುಚ್ಚಿದ. ನಿಮ್ಮದೇ ವಾಸಿ ಎಂದು ಹನ್ನೆರಡು ವರ್ಷದಿಂದ ಇವಾವೊನ ಒಂದೊಂದು ದನವನ್ನೂ ಹೊಗಳಿ ಹೊಗಳಿ ಅವನಿಗೇ ಅದು ನಿಜವೆನ್ನಿಸಿತ್ತು. ಯಾವ ದನ ಯಾರದೆಂಬ ತಪಾಸಣೆಯಂತೂ ಬೆಳಿಗ್ಗೆಯೇ ಮುಗಿದಿದೆ. ಇನ್ನು ಕೇಳುವವರು ಯಾರು? ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇವನ ಬೆಟ್ಟ ಕೈಯಲ್ಲೇ ಇತ್ತು.

ತೀರ್ಪುಗಾರರು ಅಳೆದರು, ಸವರಿದರು, ಹಿಂದೆ ನಿಂತು ನೋಡಿದರು. ಕೊನೆಗೆ ಮೈಕು ಕೂಗಿತು.

"ಮೂರನೇ ಸ್ಥಾನ, ಹನ್ನೊಂದನೇ ನಂಬರಿನ ಹಾತ್ಸು ಅವರು. ಎರಡನೇ ಸ್ಥಾನ, ಏಳನೇ ನಂಬರು!"

ಬೇಲಿಯಾಚೆ ಕಿನುಯೆ ಚಪ್ಪಾಳೆ ತಟ್ಟಿದಳು. ಕೊಟ್ಟಿಗೆ ಉಳಿಯಿತು! ತಮೊತ್ಸುವಿನ ಕಣ್ಣು ತುಂಬಿತು.

"ಮೊದಲ ಸ್ಥಾನ, ಎಂಟನೇ ನಂಬರು ಇವಾವೊ ಅವರಿಗೆ! ಇಂಥ ಕಡಸು ಹತ್ತು ವರ್ಷದಲ್ಲಿ ನಾನು ನೋಡಿಲ್ಲ," ಎಂದು ತೀರ್ಪುಗಾರರು ಫುಕುಮಿಯ ಬೆನ್ನು ತಟ್ಟಿದರು.

ತೆಪ್ಪಗಿದ್ದಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ತಾನು ಹಾಲು ಕುಡಿಸಿ ಬೆಳೆಸಿದ ಕಡಸಿಗಾಗಿ ಇವಾವೊ ನಾಲ್ಕು ದಿಕ್ಕಿಗೂ ಬಾಗಿ ವಂದಿಸುತ್ತಿರುವುದನ್ನು ಯಾವ ಗಂಡಸು ಸಹಿಸಿಯಾನು?

"ಅದು ನಂದು!" ಎಂದು ತಮೊತ್ಸು ಕಿರುಚಿಬಿಟ್ಟ.

ಮೈದಾನಕ್ಕೆ ಮೈದಾನವೇ ದಂಗಾಯಿತು. ಅಧಿಕಾರಿ ಶಾಯಿ ಹಿಡಿದು ಓಡಿಬಂದ. ಮನುಷ್ಯರಿಗೆ ಹೆಬ್ಬೆಟ್ಟು ಹೇಗೋ ಇಲ್ಲಿನ ದನಗಳಿಗೆ ಮೂತಿ ಹಾಗೆ. ಕರುವಾಗಿದ್ದಾಗ ಒತ್ತಿದ ಅಚ್ಚು ಜಾತಕದ ಹಾಗೆ ಕಡೆತನಕ ಜೊತೆಗಿರುತ್ತದೆ. ಫುಕುಮಿಯ ಮೂತಿಗೆ ಶಾಯಿ ಬಳಿದು ಕಾಗದ ಒತ್ತಿ, ಹಳೆಯ ಅಚ್ಚಿನ ಜೊತೆ ಹೋಲಿಸಿ ನೋಡಿದ.

"ನಿಜ, ಇದು ಫುಕುಮಿಯೇ. ನಿಮಗೆ ಯಾವಾಗ ಗೊತ್ತಾಯ್ತು?"

"ಕಣಕ್ಕೆ ಬಂದ ತಕ್ಷಣ! ಸಾಕಿದವನಿಗೆ ಗೊತ್ತಾಗಲ್ವಾ?" ಎಂದ ತಮೊತ್ಸು ಜಂಬದಿಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

"ಇವಾವೊ ಅವ್ರೇ, ನಿಮಗೆ?"

ಇವಾವೊ ನೆಲ ನೋಡಿದ. "ನಂಗೂ ಆಗ್ಲೇ ಗೊತ್ತಾಯ್ತು. ಫುಕುಮೀನೇ ವಾಸಿ ಅಂತ ಸುಮ್ನಿದ್ದೆ."

"ಇವಾವೊ ಸಾನ್, ನೀವಾ!" ತಮೊತ್ಸುವಿಗೆ ಸಿಡಿಲು ಬಡಿದಂತಾಯಿತು.

"ನೀವೂ ತಾನೇ!"

"ಗೊತ್ತಿದ್ದೂ ಬೇರೆಯವರ ದನ ತೋರಿಸಿದ್ದಕ್ಕೆ ಇಬ್ಬರೂ ಹೊರಗೆ," ಎಂದರು ತೀರ್ಪುಗಾರರು. "ಮೊದಲ ಸ್ಥಾನ ಹಾತ್ಸು ಅವರಿಗೆ."

ಲಾರಿಯ ಹತ್ತಿರ ತಮೊತ್ಸು ಹಾಳು ಮುಖ ಹಾಕಿಕೊಂಡು ಕೇಳಿದ. "ಅಜ್ಜೀ, ಹಗ್ಗ ಅದ್ಹೇಗೆ ಅದಲುಬದಲಾಯ್ತು?"

"ತಾನಾಗೇ ಆಗುತ್ತೇನೋ? ನಾನೇ ಬದಲಾಯಿಸ್ದೆ. ಹನ್ನೆರಡು ವರ್ಷದಿಂದ ನಿಮ್ಮದೇ ವಾಸಿ, ನಿಮ್ಮದೇ ವಾಸಿ ಅಂತಿದ್ರಲ್ಲ, ಪಾಪ, ಆಸೆ ತೀರಲಿ ಅಂತ. ತಕ್ಷಣ ಬಾಯ್ಬಿಟ್ಟಿದ್ರೆ ನಾನೇ ವಾಪಸ್ ಕಟ್ಟಿಕೊಡ್ತಿದ್ದೆ."

ಅಜ್ಜಿ ಕಿನುಯೆಯತ್ತ ತಿರುಗಿದಳು.

"ಅಣಬೆ ಬೆಳೀತೀಯಂತಲ್ಲಮ್ಮ? ಹಂಗಾದ್ರೆ ಫುಕುಮಿನ ನಂಗೇ ಕೊಟ್ಬಿಡಿ. ಹತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ ಅಂದ್ರಲ್ಲ, ಎಂಥಾ ಕಡಸು!"

"ಛೆ ಛೆ ಅಜ್ಜೀ," ಅಭ್ಯಾಸಬಲದಿಂದ ತಮೊತ್ಸುವಿನ ಬಾಯಿ ತಾನಾಗಿಯೇ ಆಡಿಬಿಟ್ಟಿತು. "ನಿಮ್ಮದರ ಮುಂದೆ ನಮ್ಮದೇನು, ಮೂಳೆ ಚೀಲ!"

"ಸರಿ ಹಾಗಾದ್ರೆ, ಮೂಳೆ ಚೀಲದ ಬೆಲೆಗೇ ಕೊಡು," ಎಂದಳು ಅಜ್ಜಿ.

ಫುಕುಮಿ ಆಗಲೇ ಅವಳ ಮೊಣಕೈ ನೆಕ್ಕುತ್ತಿತ್ತು.